ಹಾಲಿನ ಪ್ಯಾಕೆಟ್‌ಗೆ ಸೋಪು, ಸೊಪ್ಪಿಗೆ ಬರೀ ನೀರು

2020ರ ಯುಗಾದಿ ಬಂದದ್ದು ಮಾರ್ಚ್ 25ರಂದು. ದೇಶವೆಲ್ಲ 21 ದಿನ ಮನೆಯೊಳಗೇ ಇರಬೇಕೆಂಬ ಘೋಷಣೆ ಹಿಂದಿನ ರಾತ್ರಿಯಷ್ಟೇ ಹೊರಬಿದ್ದಿತ್ತು. ಮಾವಿನ ಸೊಪ್ಪು, ಬೇವಿನ ಹೂ, ಹೋಳಿಗೆಗೆ ಬೇಳೆ ಎಂದು ಅಂಗಡಿಗೆ ಓಡಿದವರು ಚೀಲ ಹಿಡಿದು ವಾಪಸಾದರೆ ಬಾಗಿಲಲ್ಲೇ ತಡೆ. ಚೀಲ ಜಗಲಿಯಲ್ಲಿ, ಚಪ್ಪಲಿ ಗೇಟಿನಾಚೆ, ತಂದವರು ನೇರ ಬಚ್ಚಲಿಗೆ. ನಂದಿನಿ ಪ್ಯಾಕೆಟ್ ಸೋಪಿನ ನೊರೆಯಲ್ಲಿ ಮುಳುಗೆದ್ದು ಒಲೆಯ ಕಡೆ ಹೊರಟಿತು. ಟೊಮೆಟೊ ಅರಿಶಿನದ ನೀರಿಗೆ, ಹುರುಳಿಕಾಯಿ ಉಪ್ಪಿನ ನೀರಿಗೆ, ಅಕ್ಕಿ ಚೀಲ ಬಿಸಿಲಿಗೆ ಬಿದ್ದವು. ದಿನಪತ್ರಿಕೆಗೂ ನೋಟಿಗೂ ಇಸ್ತ್ರಿ ತಿಕ್ಕಿದವರಿದ್ದರು. ಆ ಹಬ್ಬದಲ್ಲಿ ಎಷ್ಟೋ ಮನೆಗಳಲ್ಲಿ ಬೇವು-ಬೆಲ್ಲಕ್ಕಿಂತ ಮೊದಲು ಅಂಗೈಗೆ ಬಿದ್ದದ್ದು ಸ್ಯಾನಿಟೈಸರ್.

ಇವತ್ತು ಅದನ್ನೆಲ್ಲ ನೆನೆದು ನಗುವುದು ಸುಲಭ. ಆದರೆ ಇನ್ನೊಂದು ಸೋಂಕು ಬರುವುದೇ ಇಲ್ಲ ಎಂದು ಹೇಳುವ ಧೈರ್ಯ ಯಾವ ವೈದ್ಯರಿಗೂ ಇಲ್ಲ. ನೆರೆಯ ಕೇರಳದಲ್ಲಿ ನಿಪಾ ಆಗಾಗ ತಲೆ ಎತ್ತುತ್ತಿದೆ, ಹಕ್ಕಿಜ್ವರ ಬಂದು ಹೋಗುತ್ತಿದೆ. ಹಾಗಾಗಿ ಕೋವಿಡ್ ಕಾಲದಲ್ಲಿ ನಾವು ಅಡುಗೆಮನೆಯಲ್ಲಿ ಮಾಡಿದ್ದರಲ್ಲಿ ಯಾವುದು ಬೇಕಿತ್ತು, ಯಾವುದು ದಂಡವಾಯಿತು, ಯಾವುದು ಅಪಾಯವನ್ನೇ ತಂದಿತು ಎಂದು ಒಮ್ಮೆ ವಿಂಗಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ವಿಂಗಡಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಈ ರೋಗ ಯಾವ ದಾರಿಯಲ್ಲಿ ಮನೆಗೆ ಬರುತ್ತದೆ?

ಮೂರು ದಿನದ ಲೆಕ್ಕ

ಆಗಿನ ಭಯ ಬುಡವಿಲ್ಲದ್ದೇನೂ ಆಗಿರಲಿಲ್ಲ. ಲಾಕ್‌ಡೌನ್‌ಗೆ ಒಂದು ವಾರ ಮೊದಲು, ಮಾರ್ಚ್ 17ರಂದು, ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಅಮೆರಿಕದ ವಿಜ್ಞಾನಿಗಳ ಪ್ರಯೋಗವೊಂದರ ವರದಿ ಪ್ರಕಟವಾಯಿತು. ಕೊರೊನಾ ವೈರಸ್ ಪ್ಲಾಸ್ಟಿಕ್ ಮೇಲೆ 72 ಗಂಟೆಗಳವರೆಗೂ ಜೀವ ಹಿಡಿದುಕೊಂಡಿತ್ತು. ರಟ್ಟಿನ ಮೇಲೆ 24 ಗಂಟೆ ಕಳೆದ ನಂತರ, ತಾಮ್ರದ ಮೇಲೆ 4 ಗಂಟೆ ಕಳೆದ ನಂತರ ಸೋಂಕು ತರಬಲ್ಲ ವೈರಸ್ ಸಿಗಲಿಲ್ಲ. ಈ ವರದಿಯಿಂದ ವಾಟ್ಸ್‌ಆ್ಯಪ್‌ಗೆ ದಾಟಿ ಬಂದದ್ದು ಒಂದೇ ಸಾಲು: ಪ್ಲಾಸ್ಟಿಕ್ ಮೇಲೆ ಮೂರು ದಿನ ಬದುಕುತ್ತದಂತೆ! ಅದೇ ತಿಂಗಳು ಮಿಷಿಗನ್‌ನ ವೈದ್ಯರೊಬ್ಬರು ದಿನಸಿಯನ್ನು ಒಂದೊಂದಾಗಿ ಒರೆಸಿ, ಹಣ್ಣನ್ನು ಸೋಪಿನಲ್ಲಿ ತೊಳೆದು ತೋರಿಸಿದ ವಿಡಿಯೊವನ್ನು ಕೋಟ್ಯಂತರ ಜನ ನೋಡಿದರು. ಕಿರಾಣಿ ಚೀಲ ಬಾಂಬಿನಂತೆ ಕಾಣತೊಡಗಿತು.

ಅದೇ ವರದಿಯಲ್ಲಿದ್ದ ಇನ್ನೊಂದು ಲೆಕ್ಕ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಪ್ಲಾಸ್ಟಿಕ್ ಮೇಲಿನ ವೈರಸ್ ಸುಮಾರು ಏಳು ಗಂಟೆಗೊಮ್ಮೆ ಅರ್ಧಕ್ಕರ್ಧ ಸಾಯುತ್ತಾ ಹೋಗುತ್ತದೆ. ಬೆಳಿಗ್ಗೆ ಇದ್ದದ್ದರಲ್ಲಿ ಮಧ್ಯಾಹ್ನಕ್ಕೆ ಅರ್ಧ, ರಾತ್ರಿಗೆ ಕಾಲು, ಮರುದಿನ ಬೆಳಿಗ್ಗೆಗೆ ಹತ್ತರಲ್ಲಿ ಒಂದು ಪಾಲು. ಮೂರು ದಿನ ಕಳೆದ ಮೇಲೆ ಉಳಿಯುವುದು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಅದೂ ಪ್ರಯೋಗಾಲಯದ ಸ್ಥಿರ ಹವೆಯಲ್ಲಿ. ಬಿಸಿಲು, ಸೆಕೆ ಇರುವ ಕಡೆ ವೈರಸ್ ಇನ್ನೂ ಬೇಗ ನಾಶವಾಗುತ್ತದೆ.

ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ತಜ್ಞ ಇಮ್ಯಾನುಯೆಲ್ ಗೋಲ್ಡ್‌ಮನ್ 2020ರ ಜುಲೈನಲ್ಲಿ ‘ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್’ನಲ್ಲಿ ತಕರಾರು ಎತ್ತಿದ್ದು ಇಲ್ಲೇ. ಇಂಥ ಪ್ರಯೋಗಗಳಲ್ಲಿ ವಸ್ತುಗಳ ಮೇಲೆ ಸುರಿದ ವೈರಸ್‌ನ ಪ್ರಮಾಣ, ಒಬ್ಬ ರೋಗಿ ಕೆಮ್ಮಿದಾಗ ಬೀಳಬಹುದಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಅವರು ತೋರಿಸಿಕೊಟ್ಟರು. ಸೋಂಕಿತರು ಆಗಷ್ಟೇ ಕೆಮ್ಮಿದ ವಸ್ತುವನ್ನು ಒಂದೆರಡು ಗಂಟೆಯೊಳಗೆ ಮುಟ್ಟಿ, ಅದೇ ಕೈಯನ್ನು ಮೂಗಿಗೋ ಬಾಯಿಗೋ ಒಯ್ದರೆ ಅಪಾಯವಿರಬಹುದು. ಅಂಗಡಿಯಿಂದ ಬಂದ ಬೇಳೆ ಪ್ಯಾಕೆಟ್ಟಿಗೆ ಇಷ್ಟೆಲ್ಲ ಕೂಡಿಬರುವುದು ಅಪರೂಪ. 2021ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯ ಸಂಪಾದಕೀಯ, ವೈರಸ್ ಗಾಳಿಯಲ್ಲಿದೆ, ನಾವಿನ್ನೂ ಮೇಜು ಒರೆಸುತ್ತಿದ್ದೇವೆ ಎಂಬ ಅರ್ಥದ ಎಚ್ಚರಿಕೆ ಕೊಟ್ಟಿತು. ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಅಂಕಿಯನ್ನೇ ಮುಂದಿಟ್ಟಿತು. ವೈರಸ್ ಅಂಟಿದ ವಸ್ತುವನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ.

ನಂಜನಗೂಡು, ಕೊಯಂಬೇಡು ಕಲಿಸಿದ್ದು

ಈ ಪಾಠಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ. 2020ರ ಮಾರ್ಚ್ ಕೊನೆಯ ವಾರ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಿಗೆ ಸೋಂಕು ಪತ್ತೆಯಾಯಿತು. ಅವರು ವಿದೇಶಕ್ಕೆ ಹೋಗಿಬಂದವರಲ್ಲ. ಹಾಗಾದರೆ ಎಲ್ಲಿಂದ ಬಂತು? ಚೀನಾದಿಂದ ಕಾರ್ಖಾನೆಗೆ ಬಂದಿದ್ದ ಕಚ್ಚಾವಸ್ತುವಿನ ಮೇಲೆ ಎಲ್ಲರ ಬೆರಳು ತಿರುಗಿತು. ಅದರ ಮಾದರಿಗಳನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಕಳಿಸಲಾಯಿತು. ಅವುಗಳಲ್ಲಿ ವೈರಸ್ ಸಿಗಲಿಲ್ಲ. ಕಾರ್ಖಾನೆಗೆ ನಂಟಿರುವ ಪ್ರಕರಣಗಳು ಕೊನೆಗೆ 70 ದಾಟಿದವು. ಜತೆಯಲ್ಲಿ ದುಡಿಯುವವರಿಗೆ, ಅವರಿಂದ ಮನೆಯವರಿಗೆ ಸೋಂಕು ದಾಟಿತ್ತು. ಜನ ಪೆಟ್ಟಿಗೆಯನ್ನು ಅನುಮಾನಿಸುತ್ತಿದ್ದಾಗ ವೈರಸ್ ಉಸಿರಿನ ದಾರಿಯಲ್ಲಿ ನಡೆದಿತ್ತು.

ಚೆನ್ನೈನ ಕೊಯಂಬೇಡು ಮಾರುಕಟ್ಟೆಯದೂ ಇದೇ ಕತೆ. ತರಕಾರಿ, ಹಣ್ಣು, ಹೂವಿನ ಆ ಬೃಹತ್ ಸಂತೆಯನ್ನು 2020ರ ಮೇ 5ರಂದು ಮುಚ್ಚಬೇಕಾಯಿತು. ಅಲ್ಲಿಂದ ಊರೂರಿಗೆ ಸೋಂಕು ಹರಡಿದ್ದು ಟೊಮೆಟೊ ಬುಟ್ಟಿಯಿಂದಲ್ಲ. ಬುಟ್ಟಿ ಹೊತ್ತ ಹಮಾಲಿಗಳು, ದರ ಕೂಗಿದ ವ್ಯಾಪಾರಿಗಳು, ಲಾರಿ ಚಾಲಕರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತ ಗದ್ದಲದಿಂದ. ನಮ್ಮ ಊರುಗಳಲ್ಲಿ ಅಂಗಡಿ ಮುಂದೆ ಸುಣ್ಣದಲ್ಲಿ ಎಳೆದ ಚೌಕಗಳು, ಮೈದಾನಕ್ಕೂ ಬಸ್ ನಿಲ್ದಾಣಕ್ಕೂ ಎತ್ತಂಗಡಿಯಾದ ತರಕಾರಿ ಸಂತೆಗಳು ಮಾಡಿದ ಉಪಕಾರವನ್ನು ಮನೆಯೊಳಗಿನ ಯಾವ ಸೋಪಿನ ನೀರೂ ಮಾಡಲಿಲ್ಲ.

ವಿನಾಯಿತಿ ಇಲ್ಲವೆಂದಲ್ಲ. ಚಳಿಯಲ್ಲಿ ವೈರಸ್ ಹೆಚ್ಚು ಕಾಲ ಉಳಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಚೀನಾದ ಚಿಂಗ್‌ಡಾವ್ ಬಂದರಿನಲ್ಲಿ ಆಮದಾದ ಹೆಪ್ಪುಗಟ್ಟಿಸಿದ ಮೀನಿನ ಹೊದಿಕೆಯ ಮೇಲೆ ಜೀವಂತ ವೈರಸ್ ಸಿಕ್ಕಿತೆಂದು ಅಲ್ಲಿನ ಅಧಿಕಾರಿಗಳು ಪ್ರಕಟಿಸಿದರು. ದಿನವಿಡೀ ಅಂಥ ಪೆಟ್ಟಿಗೆ ಎತ್ತಿಳಿಸುವ ಕಾರ್ಮಿಕರಿಗೆ ಇದು ಮುಖ್ಯ ಸಂಗತಿ. ವಾರಕ್ಕೊಮ್ಮೆ ಬಟಾಣಿ ಪ್ಯಾಕೆಟ್ ತರುವ ಮನೆಗೆ, ಪ್ಯಾಕೆಟ್ ಫ್ರೀಜರ್‌ಗಿಟ್ಟು ಕೈ ತೊಳೆದರೆ ಸಾಕು ಎನ್ನುವಷ್ಟು ಮಾತ್ರ.

ಸೋಪಿನ ಕೆಲಸ ಎಲ್ಲಿ

ಕೊರೊನಾ, ಫ್ಲೂ, ನಿಪಾ ವೈರಸ್‌ಗಳ ಮೈಮೇಲೆ ಕೊಬ್ಬಿನ ಹೊದಿಕೆಯೊಂದಿದೆ. ಒಗ್ಗರಣೆ ಸೌಟಿನ ಜಿಡ್ಡನ್ನು ಸೋಪು ಹೇಗೆ ಬಿಡಿಸುತ್ತದೋ ಹಾಗೆಯೇ ಈ ಹೊದಿಕೆಯನ್ನೂ ಬಿಡಿಸಿಬಿಡುತ್ತದೆ. ಹೊದಿಕೆ ಹರಿದ ವೈರಸ್‌ಗೆ ಸೋಂಕು ತರುವ ಶಕ್ತಿ ಇರುವುದಿಲ್ಲ. ದುಬಾರಿ ಸೋಪು ಬೇಕಿಲ್ಲ. ಬಟ್ಟೆ ಸೋಪಿನ ತುಂಡಾದರೂ ಸರಿ, 20 ಸೆಕೆಂಡು ಬೆರಳ ಸಂದಿ, ಉಗುರಿನ ಬುಡ ಬಿಡದೆ ತಿಕ್ಕಿದರೆ ಕೆಲಸ ಮುಗಿಯಿತು. ಸೋಪು-ನೀರು ಇಲ್ಲದ ಕಡೆಗೆ ಸ್ಯಾನಿಟೈಸರ್. ಅದರಲ್ಲಿ ಆಲ್ಕೋಹಾಲ್ ಕನಿಷ್ಠ ಶೇಕಡಾ 60 ಇರಬೇಕು.

ಇಷ್ಟು ಒಳ್ಳೆಯ ಸೋಪನ್ನು ಸೊಪ್ಪು, ತರಕಾರಿ, ಹಣ್ಣಿಗೆ ಹಾಕಬಾರದೇಕೆ? ಹಾಲಿನ ಪ್ಯಾಕೆಟ್ಟಿಗೆ ರಂಧ್ರವಿಲ್ಲ, ಹೊರಗೆ ಹಚ್ಚಿದ ಸೋಪು ಒಳಗಿಳಿಯುವುದಿಲ್ಲ. ಹಣ್ಣು-ತರಕಾರಿಯ ಸಿಪ್ಪೆ ಹಾಗಲ್ಲ. ಕೊತ್ತಂಬರಿ, ಹೂಕೋಸು, ದ್ರಾಕ್ಷಿಗೊಂಚಲಿನ ಸಂದಿಗಳಲ್ಲಿ ಕೂತ ಸೋಪು ಎಷ್ಟು ಜಾಲಿಸಿದರೂ ಪೂರ್ತಿ ಹೋಗದೆ ಹೊಟ್ಟೆ ಸೇರುತ್ತದೆ. ವಾಂತಿ, ಭೇದಿಗೆ ಅಷ್ಟು ಸಾಕು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2020ರಲ್ಲಿ ಹೊರಡಿಸಿದ ಸಲಹೆಯೂ ಇದನ್ನೇ ಹೇಳಿತ್ತು: ಹಣ್ಣು-ತರಕಾರಿಗೆ ಸೋಪು, ಸೋಂಕುನಿವಾರಕ ದ್ರಾವಣ, ಒರೆಸುವ ರಾಸಾಯನಿಕ ಕಾಗದ ಯಾವುದೂ ಬೇಡ, ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ಬೇಕಿದ್ದರೆ 50 ಪಿಪಿಎಂ ಕ್ಲೋರಿನ್ ನೀರಿನಲ್ಲಿ ಅದ್ದಿ, ಕುಡಿಯುವ ನೀರಿನಲ್ಲಿ ಜಾಲಿಸಿ. 50 ಪಿಪಿಎಂ ಎಂದರೆ ಒಂದು ಲೀಟರ್ ನೀರಿಗೆ 50 ಮಿಲಿಗ್ರಾಂ ಕ್ಲೋರಿನ್, ಬಹಳ ತೆಳು. ಅಂದಾಜಿನ ಮೇಲೆ ಬ್ಲೀಚಿಂಗ್ ಪೌಡರ್ ಚೆಲ್ಲಿದರೆ ಈ ಅಳತೆ ಸಿಗುವುದಿಲ್ಲ. ಅಳೆಯುವ ಅನುಕೂಲ ಇಲ್ಲದಿದ್ದರೆ ಹರಿಯುವ ನೀರೇ ಸುರಕ್ಷಿತ.

ತರಕಾರಿ ತೊಳೆಯಲೇಬೇಕು ಎನ್ನಲು ಕೊರೊನಾದ ನೆಪವೂ ಬೇಕಾಗಿಲ್ಲ. ಟೈಫಾಯಿಡ್, ಕಾಮಾಲೆ ತರುವ ಹೆಪಟೈಟಿಸ್ ಎ, ಮೆದುಳಿಗೆ ಹೊಕ್ಕು ಮೂರ್ಛೆ ರೋಗ ತರಬಲ್ಲ ಲಾಡಿಹುಳುವಿನ ಮೊಟ್ಟೆ ಇವೆಲ್ಲ ಕೊಳಕು ನೀರು ಕುಡಿದು ಬೆಳೆದ ಸೊಪ್ಪಿನ ಜತೆ ಬರಬಲ್ಲವು. ಸೊಪ್ಪಿನ ಬೇರು ಕತ್ತರಿಸಿ, ಎಸಳು ಬಿಡಿಸಿ, ಅಗಲ ಪಾತ್ರೆಯಲ್ಲಿ ಮುಳುಗಿಸಿ, ಮಣ್ಣು ತಳಕ್ಕಿಳಿದ ಮೇಲೆ ಸೊಪ್ಪನ್ನು ಮೇಲಿನಿಂದ ಎತ್ತಿಕೊಂಡು, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯುವ ನಮ್ಮ ಅಜ್ಜಿಯರ ಕ್ರಮಕ್ಕೆ ವಿಜ್ಞಾನ ಸೇರಿಸಬೇಕಾದ್ದು ಹೆಚ್ಚಿಲ್ಲ. ಸೌತೆ, ಕ್ಯಾರೆಟ್, ಮಾವಿನಂಥ ಗಟ್ಟಿ ಸಿಪ್ಪೆಯವನ್ನು ನಲ್ಲಿಯಡಿ ಕೈಯಿಂದ ಉಜ್ಜಬೇಕು. ಸಿಪ್ಪೆ ಹೆರೆಯುವುದಾದರೂ ಮೊದಲು ತೊಳೆಯಬೇಕು. ಇಲ್ಲವಾದರೆ ಹೊರಗಿನ ಕೊಳೆಯನ್ನು ಚಾಕುವೇ ಒಳಗೆ ಕೊಂಡೊಯ್ಯುತ್ತದೆ.

ಶುಚಿಯೇ ವಿಷವಾದಾಗ

ಸೋಂಕಿನ ಭಯದಲ್ಲಿ ಆಗುವ ದೊಡ್ಡ ಅನಾಹುತ ವೈರಸ್‌ನಿಂದಲೇ ಆಗಬೇಕೆಂದಿಲ್ಲ. ಅಮೆರಿಕದ ಸಿಡಿಸಿ 2020ರ ಏಪ್ರಿಲ್‌ನಲ್ಲಿ ದಾಖಲಿಸಿದ ಒಂದು ಪ್ರಕರಣ ನೋಡಿ. ದಿನಸಿಯನ್ನೆಲ್ಲ ಶುಚಿ ಮಾಡಬೇಕೆಂಬ ಸುದ್ದಿ ಕೇಳಿದ ಮಹಿಳೆಯೊಬ್ಬರು ಸಿಂಕ್ ತುಂಬ ಬ್ಲೀಚ್ ದ್ರಾವಣ, ವಿನೆಗರ್, ಬಿಸಿನೀರು ಬೆರೆಸಿ ತರಕಾರಿ ನೆನೆಹಾಕಿದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಕ್ಲೋರಿನ್ ಘಾಟು. ಕೆಮ್ಮು, ಉಬ್ಬಸ ಹತ್ತಿ ಆಂಬುಲೆನ್ಸ್ ಕರೆಸಬೇಕಾಯಿತು. ಅದೇ ಸಂಸ್ಥೆ ಮೇ ತಿಂಗಳಲ್ಲಿ 502 ಮಂದಿಯನ್ನು ಸಮೀಕ್ಷೆಗೆ ಒಳಪಡಿಸಿದಾಗ, ಶೇಕಡಾ 19 ಮಂದಿ ಆಹಾರ ಪದಾರ್ಥಕ್ಕೆ ಬ್ಲೀಚ್ ಬಳಸಿದ್ದಾಗಿ ಒಪ್ಪಿಕೊಂಡರು.

ಬ್ಲೀಚ್ ಜತೆ ಹುಳಿ ಪದಾರ್ಥ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮಿನ್. ಎರಡೂ ಶ್ವಾಸಕೋಶ ಸುಡುವ ಅನಿಲಗಳೇ. ನಮ್ಮ ಮನೆಗಳಲ್ಲಿ ವಿನೆಗರ್‌ಗಿಂತ ಹೆಚ್ಚು ಸಿಗುವುದು ಟಾಯ್ಲೆಟ್ ತೊಳೆಯುವ ಆ್ಯಸಿಡ್. ಬಚ್ಚಲಿನಲ್ಲಿ ಬ್ಲೀಚಿಂಗ್ ಪೌಡರ್ ಉದುರಿಸಿ ಮೇಲೆ ಆ್ಯಸಿಡ್ ಸುರಿಯುವುದು ಅದೇ ತಪ್ಪು. ಶುಚಿಗೊಳಿಸುವ ಎರಡು ಪದಾರ್ಥಗಳನ್ನು ಎಂದೂ ಒಟ್ಟಿಗೆ ಬೆರೆಸಬಾರದು ಎಂಬುದನ್ನು ನಿಯಮವಾಗಿಯೇ ಇಟ್ಟುಕೊಳ್ಳಬೇಕು.

ಸ್ಯಾನಿಟೈಸರ್‌ನ ಗುಣವನ್ನೂ ಮರೆಯುವಂತಿಲ್ಲ. ಅದು ಹತ್ತಿಕೊಂಡು ಉರಿಯುವ ದ್ರವ. 2020ರ ಮಾರ್ಚ್‌ನಲ್ಲಿ ಹರಿಯಾಣದ ರೇವಾಡಿಯಲ್ಲಿ ಒಬ್ಬರು ಅಡುಗೆಮನೆಯಲ್ಲಿ ಸ್ಯಾನಿಟೈಸರ್ ಹಾಕಿ ಬೀಗದ ಕೈ, ಮೊಬೈಲ್ ಒರೆಸುತ್ತಿದ್ದಾಗ ಹತ್ತಿರದ ಗ್ಯಾಸ್ ಒಲೆಯಿಂದ ಬೆಂಕಿ ತಗಲಿ ಮೈ ಸುಟ್ಟುಕೊಂಡು ಆಸ್ಪತ್ರೆ ಸೇರಿದರು. ಮನೆಯೊಳಗಿನ ಅತಿರೇಕ ಬೀದಿಗೂ ಬಂತು. ಮಾರ್ಚ್ ಕೊನೆಯಲ್ಲಿ ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ಕೂಲಿಕಾರರನ್ನು ರಸ್ತೆಯಲ್ಲಿ ಕೂರಿಸಿ ಸೋಂಕುನಿವಾರಕ ಸಿಂಪಡಿಸಿದರು. ಮನುಷ್ಯರ ಮೇಲೆ ಹಾಗೆ ಸಿಂಪಡಿಸುವುದು ಹಾನಿಕರ, ಮಾಡಕೂಡದು ಎಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್ 18ರಂದು ಸೂಚನೆ ಹೊರಡಿಸಬೇಕಾಯಿತು.

ದಾರಿ ತಪ್ಪಿದ ಭಯಕ್ಕೆ ಬೆಲೆ ತೆತ್ತವರು ಬೇರೆಯವರು. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಗಾಳಿಮಾತಿಗೆ ಕೋಳಿಯ ದರ ನೆಲಕಚ್ಚಿ, 2020ರ ಮಾರ್ಚ್‌ನಲ್ಲಿ ಗೋಕಾಕ ತಾಲ್ಲೂಕಿನ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಹೂತುಹಾಕಿದರು. ತಳ್ಳುಗಾಡಿಯವನ ಹೆಸರು, ಧರ್ಮ ಕೇಳಿ ತರಕಾರಿ ಕೊಳ್ಳುವ, ಬೀದಿಗೆ ಕಾಲಿಡಬೇಡವೆನ್ನುವ ಘಟನೆಗಳೂ ದೇಶದ ಹಲವೆಡೆ ನಡೆದವು. ಸೋಂಕಿನ ಕಾಲದಲ್ಲಿ ನಮ್ಮ ಮನೆಗೆ ಅನ್ನದ ದಾರಿ ತೆರೆದಿಟ್ಟವರೇ ಇವರು. ದಿನಕ್ಕೆ ನೂರಾರು ಜನರ ಎದುರು ನಿಲ್ಲುವ ಅಂಗಡಿಯವರಿಗೆ ನಮ್ಮಿಂದ ಆಗುವ ಅಪಾಯ, ಅವರ ಚೀಲದಿಂದ ನಮಗಾಗುವ ಅಪಾಯಕ್ಕಿಂತ ದೊಡ್ಡದು.

ರೋಗ ಬದಲಾದರೆ ನಿಯಮವೂ ಬದಲು

ಕೊರೊನಾದ ಪಾಠವನ್ನು ಎಲ್ಲ ರೋಗಕ್ಕೂ ಹಚ್ಚಿದರೆ ಮತ್ತೆ ಎಡವುತ್ತೇವೆ. ನಿಪಾ ವಿಷಯದಲ್ಲಿ ಹಣ್ಣಿನ ಬುಟ್ಟಿಯ ಕಡೆ ಕಣ್ಣಿಡಲೇಬೇಕು. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡ್ ಸುತ್ತಮುತ್ತ 17 ಜನರನ್ನು ಬಲಿ ತೆಗೆದುಕೊಂಡ ಈ ವೈರಸ್‌ನ ಆಶ್ರಯತಾಣ ಹಣ್ಣು ತಿನ್ನುವ ದೊಡ್ಡ ಬಾವಲಿಗಳು. ಬಾಂಗ್ಲಾದೇಶದಲ್ಲಿ ಬಾವಲಿ ನೆಕ್ಕಿದ ಈಚಲಿನ ಹಸಿ ರಸ ಕುಡಿದವರಿಗೆ ಸೋಂಕು ಬಂದದ್ದು ಸಾಬೀತಾಗಿದೆ. ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರದಂಥ ಗಡಿ ಜಿಲ್ಲೆಗಳಲ್ಲಿ ನಿಪಾ ಸುದ್ದಿ ಬಂದಾಗ ಮರದಡಿ ಬಿದ್ದ, ಹಲ್ಲಿನ ಗುರುತಿರುವ ಮಾವು, ಪೇರಳೆ, ಗೇರುಹಣ್ಣನ್ನು ಮುಟ್ಟಬಾರದು. ಕಚ್ಚಿದ ಭಾಗ ಕತ್ತರಿಸಿ ಉಳಿದದ್ದು ತಿನ್ನುವ ಜಾಣತನ ಇಲ್ಲಿ ನಡೆಯದು. ಇಡೀ ಹಣ್ಣು ಎಸೆಯಬೇಕು. ಉಳಿದ ಹಣ್ಣನ್ನು ಚೆನ್ನಾಗಿ ತೊಳೆದು, ಸಿಪ್ಪೆ ತೆಗೆದು ತಿನ್ನಬೇಕು. ಬಾಯಿ ತೆರೆದ ಮಡಕೆಯಲ್ಲಿ ಇಳಿಸಿದ ಹಸಿ ನೀರಾ, ಕಳ್ಳು ಬೇಡ.

ಹಕ್ಕಿಜ್ವರದಲ್ಲಿ ಕಾವಲು ಒಲೆಯ ಮೇಲೆ. 2020ರ ಮಾರ್ಚ್‌ನಲ್ಲೇ ಮೈಸೂರಿನ ಕುಂಬಾರಕೊಪ್ಪಲಿನಲ್ಲೂ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲೂ ಅದು ಕಾಣಿಸಿಕೊಂಡಿತ್ತು. ಮಾಂಸದ ಒಳಭಾಗದವರೆಗೂ 70 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೆ ವೈರಸ್ ಸಾಯುತ್ತದೆ. ನಮ್ಮ ಸಾರಿನ ಕುದಿ ಅದಕ್ಕಿಂತ ಮೇಲೆಯೇ ಇರುತ್ತದೆ. ಎಚ್ಚರ ಬೇಕಾದ್ದು ಹಸಿ ಮಾಂಸ ಹಿಡಿಯುವಾಗ. ನಲ್ಲಿಯ ರಭಸಕ್ಕೆ ಕೋಳಿ ಹಿಡಿದರೆ ಹನಿಗಳು ಸುತ್ತಲಿನ ಪಾತ್ರೆ, ತರಕಾರಿಗೆಲ್ಲ ಸಿಡಿಯುತ್ತವೆ. ತೊಳೆಯಲೇಬೇಕೆಂದರೆ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ತೊಳೆದು, ಆಮೇಲೆ ಸಿಂಕ್, ಮಣೆ, ಚಾಕು, ಕೈ ನಾಲ್ಕನ್ನೂ ಸೋಪಿನಲ್ಲಿ ಉಜ್ಜಬೇಕು. ಅರ್ಧ ಬೆಂದ ಮೊಟ್ಟೆಗೆ ಆ ದಿನಗಳಲ್ಲಿ ರಜೆ.

ವಾಂತಿ-ಭೇದಿ ತರುವ ನೊರೊವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ ಇನ್ನೊಂದು ಜಾತಿ. ಇವುಗಳಿಗೆ ಕೊಬ್ಬಿನ ಹೊದಿಕೆಯೇ ಇಲ್ಲವಾದ್ದರಿಂದ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು ಹಾಕಿ ತಿಕ್ಕಿ ನೀರಿನಲ್ಲಿ ಕೊಚ್ಚಿಹೋಗುವಂತೆ ಮಾಡುವುದೇ ದಾರಿ. ಕುದಿಸಿದ ನೀರು, ಬಿಸಿ ಊಟ ಇಲ್ಲಿ ನಿಜವಾದ ಔಷಧ.

ಚೀಲ ಮನೆಗೆ ಬಂದಾಗ

ಉಸಿರಿನಿಂದ ಹರಡುವ ಸೋಂಕು ಊರಲ್ಲಿದ್ದರೆ ಪಾಲಿಸಬೇಕಾದ ಕ್ರಮ ಚಿಕ್ಕದು.

ಅಂಗಡಿಗೆ ಒಬ್ಬರೇ ಹೋಗಿ, ಜನ ಕಡಿಮೆ ಇರುವ ಹೊತ್ತಿಗೆ, ಮಾಸ್ಕ್ ಹಾಕಿಕೊಂಡು. ಚೀಟಿ ಬರೆದುಕೊಂಡು ಹೋದರೆ ಅಂಗಡಿಯೊಳಗೆ ನಿಲ್ಲುವ ಸಮಯ ಉಳಿಯುತ್ತದೆ. ಮನೆಯಲ್ಲಿ ಜ್ವರ, ಕೆಮ್ಮು ಇರುವವರಿದ್ದರೆ ನೆರೆಯವರಿಂದ ತರಿಸಿಕೊಳ್ಳಿ.

ಮನೆಗೆ ಬಂದೊಡನೆ ಚೀಲ ಕೆಳಗಿಟ್ಟು ಮೊದಲು ಕೈ ತೊಳೆಯಿರಿ. ಸಾಮಾನು ಜೋಡಿಸಿಟ್ಟ ಮೇಲೆ ಇನ್ನೊಮ್ಮೆ, ಅಡುಗೆಗೆ ಮೊದಲು ಮತ್ತೊಮ್ಮೆ. ಬಟ್ಟೆ ಚೀಲ ಒಗೆಯುವ ಬಟ್ಟೆಯ ಜತೆ ಹೋಗಲಿ.

ಹಾಲಿನ ಪ್ಯಾಕೆಟ್ ತೊಳೆಯುವ ರೂಢಿ ಒಳ್ಳೆಯದೇ. ಟ್ರೇಯಲ್ಲಿ, ನೆಲದ ಮೇಲೆ ಬಿದ್ದು ಬಂದಿರುತ್ತದೆ. ಬೇಳೆ, ರವೆ, ಬಿಸ್ಕತ್ತಿನ ಪ್ಯಾಕೆಟ್ಟುಗಳನ್ನು ಒರೆಸುವ ಅಗತ್ಯವಿಲ್ಲ. ಮನಸ್ಸು ಒಪ್ಪದಿದ್ದರೆ ಒಂದು ದಿನ ಪಕ್ಕಕ್ಕಿಡಿ, ಕಾಲವೇ ಆ ಕೆಲಸ ಮಾಡುತ್ತದೆ. ಅಕ್ಕಿ-ಬೇಳೆಯನ್ನು ತೊಳೆದು ಒಣಗಿಸಿ ಡಬ್ಬಕ್ಕೆ ತುಂಬಲು ಹೋಗಬೇಡಿ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯನ್ನು ಹೆಚ್ಚುವ ಮುಂಚೆ ತೊಳೆದರೆ ಸಾಕು. ಮೊಟ್ಟೆಯನ್ನೂ ತೊಳೆದಿಡಬಾರದು, ಅದರ ಚಿಪ್ಪಿನ ಮೇಲಿನ ರಕ್ಷಣಾ ಪದರ ತೊಳೆದುಹೋಗುತ್ತದೆ. ಒಡೆಯುವ ಮುಂಚೆ ತೊಳೆದುಕೊಳ್ಳಿ.

ಮನೆಯಲ್ಲೇ ರೋಗಿ ಇದ್ದಾಗ ಮಾತ್ರ ಬಾಗಿಲ ಹಿಡಿ, ಸ್ವಿಚ್, ನಲ್ಲಿ, ಅಡುಗೆಕಟ್ಟೆಗೆ ಸೋಂಕುನಿವಾರಕ ಬೇಕು. ಶೇಕಡಾ 5ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ ಸಿಕ್ಕರೆ ಒಂದು ಲೀಟರ್ ತಣ್ಣೀರಿಗೆ 20 ಮಿಲಿಲೀಟರ್ ಸೇರಿಸಿ, ಕಿಟಕಿ ತೆರೆದಿಟ್ಟು, ಕೈಗವಸು ಹಾಕಿ ಒರೆಸಿ. ಅವತ್ತಿನದ್ದು ಅವತ್ತೇ ಮಾಡಿಕೊಳ್ಳಿ. ಆ ಬಾಟಲಿ ಕುಡಿಯುವ ನೀರಿನ ಬಾಟಲಿಯಂತೆ ಕಾಣದಿರಲಿ, ಮಕ್ಕಳ ಕೈಗೆ ಎಟುಕದಿರಲಿ.

ಇನ್ನೊಂದು ಮಾತು. 2020ರಲ್ಲಿ ಒಂದೊಂದು ಬೆಂಡೆಕಾಯಿಯನ್ನೂ ತೊಳೆದು ಒರೆಸಿಟ್ಟ ದುಡಿಮೆ ಬಹುಪಾಲು ಬಿದ್ದದ್ದು ಮನೆಯ ಹೆಂಗಸರ ಮೇಲೆ. ಬೇಡದ ಶುಚಿಯ ಕೆಲಸವನ್ನು ಕೈಬಿಟ್ಟರೆ ಅವರ ದಿನದಲ್ಲಿ ಒಂದಿಷ್ಟು ಗಂಟೆ ಉಳಿಯುತ್ತದೆ. ಬೇಕಾದ ಕೆಲಸವನ್ನು ಮನೆಮಂದಿಯೆಲ್ಲ ಹಂಚಿಕೊಂಡರೆ ಇನ್ನೂ ಉಳಿಯುತ್ತದೆ.

ಮುಂದಿನ ಸೋಂಕಿನ ಸುದ್ದಿ ಬಂದ ದಿನ ಸ್ಪ್ರೇ ಬಾಟಲಿಗೆ ಕೈ ಹಾಕುವ ಮೊದಲು ಅದು ಹರಡುವುದು ಉಸಿರಿನಿಂದಲೋ, ನೀರಿನಿಂದಲೋ, ಹಣ್ಣು-ಮಾಂಸದಿಂದಲೋ ಎಂದು ಆರೋಗ್ಯ ಇಲಾಖೆಯ ಪ್ರಕಟಣೆಯಲ್ಲಿ ಹುಡುಕಿ ಓದಿ. ಉತ್ತರ ಸಿಗುವವರೆಗೂ ಸೋಪು ಹಾಕಿ ಕೈ ತೊಳೆಯಿರಿ, ತರಕಾರಿಯನ್ನು ನೀರಿನಲ್ಲಿ ತೊಳೆಯಿರಿ, ಊಟವನ್ನು ಬಿಸಿಯಾಗಿ ಉಣ್ಣಿ. ಈ ಮೂರು ಇಲ್ಲಿ ಹೇಳಿದ ಎಲ್ಲ ಸೋಂಕಿಗೂ ಅನ್ವಯಿಸುತ್ತವೆ, ಮೂರಕ್ಕೂ ಹೆಚ್ಚಿನ ಖರ್ಚಿಲ್ಲ.